ಕಿವಿ ಮಂದವಾದರೆ, ಇರುವ ಕಿವಿ ಉಳಿಸಿಕೊಳ್ಳಬೇಕೆಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಎರಡೂ ಕಿವಿಯಲ್ಲಿ ಹಿಯರಿಂಗ್ ಏಡ್ ಇದೆ. ಅದು ಕಣ್ಣಿಗೆ ಬಿದ್ದ ಕೂಡಲೇ ಬಸ್ಸಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ ಜನ ಪಕ್ಕಕ್ಕೆ ಬಂದು ಕೇಳುತ್ತಾರೆ. ನಮ್ಮಪ್ಪನಿಗೂ ಕೇಳಿಸಲ್ಲ, ಎಲ್ಲಿ ತೋರಿಸಿದಿರಿ? ಎಷ್ಟಾಯ್ತು? ಹಾಕಿಕೊಂಡರೆ ಕಿವಿ ಇನ್ನೂ ಹಾಳಾಗಲ್ವಾ? ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರಲ್ಲ. ಕಿವಿಯಲ್ಲಿ ನೋವು, ಕೀವು, ರಕ್ತ ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಮಾತು ಕೇಳಿಸುತ್ತೆ, ಆದರೆ ಏನಂದರು ಅಂತ ಗೊತ್ತಾಗಲ್ಲ. ಇದೂ ಕಿವಿ ಮಂದವೇ?

ಹೌದು. ಹೆಚ್ಚಿನವರಿಗೆ ಶುರುವಾಗುವುದೇ ಹೀಗೆ. ವಯಸ್ಸಿನಿಂದಾಗಲಿ, ಗದ್ದಲದಿಂದಾಗಲಿ, ಮೊದಲು ಹೋಗುವುದು ಕೀಚಲು ಶಬ್ದಗಳು. ಅ, ಆ, ಒ, ಓ ಇವೆಲ್ಲ ದಪ್ಪ ದನಿಯವು. ಅವುಗಳ ಬಲವೆಲ್ಲ ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ಕೆಳಗೆ. ಹರ್ಟ್ಸ್ ಅಂದರೆ ದನಿ ಎಷ್ಟು ಕೀಚಲು ಅನ್ನುವುದರ ಅಳತೆ. ಸ, ಶ, ತ, ಕ, ಪ, ಚ ಹಾಗಲ್ಲ. ಅವು ತೆಳು, ಸುಮಾರು ಎರಡು ಸಾವಿರದಿಂದ ಎಂಟು ಸಾವಿರ ಹರ್ಟ್ಸ್‌ವರೆಗೆ ಹರಡಿಕೊಂಡಿರುತ್ತವೆ. ಮಾತಿನ ಜೋರು ಇರುವುದು ಸ್ವರಗಳಲ್ಲಿ. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ವ್ಯಂಜನ. ಬರೆದ ಸಾಲಿನಲ್ಲಿ ಅಕ್ಷರ ಅಳಿಸಿ ಬರೀ ತಲೆಕಟ್ಟು, ಕೊಂಬು, ದೀರ್ಘ ಉಳಿಸಿದರೆ ಓದುವುದು ಹೇಗಿರುತ್ತೋ, ಮಂದ ಕಿವಿಗೆ ಮಾತು ಹಾಗಿರುತ್ತದೆ.

ಕಂಡಕ್ಟರ್ "ಪಾಸಾ?" ಅಂದರೆ ನಿಮಗೆ "ಕಾಸಾ?" ಅಂತ ಕೇಳಿಸಿ ನೋಟು ತೆಗೆಯುತ್ತೀರಿ. ತಲೆ, ಕಲೆ, ಬಲೆ ಎಲ್ಲ ಒಂದೇ ಆಗಿಬಿಡುತ್ತವೆ. ಗಂಡಸರ ದಪ್ಪ ದನಿಗಿಂತ ಮೊಮ್ಮಕ್ಕಳ ಮಾತು ಕಷ್ಟ. ಎದುರಿಗಿದ್ದವರ ಮಾತಿಗಿಂತ ಫೋನ್ ಕಷ್ಟ. ತಲೆ ಮೇಲೆ ಫ್ಯಾನ್ ಓಡುತ್ತಿದ್ದರೆ ಇನ್ನೂ ಕಷ್ಟ. ಮಲೆನಾಡಿನ ಕಡೆ ಹಿರಿಯರು "ಈ ವರ್ಷ ಜೀರುಂಡೆಗಳೇ ಇಲ್ಲ" ಅಂದರೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಜೀರುಂಡೆ ಇದ್ದಲ್ಲೇ ಇರುತ್ತೆ.

ಹಾಗಾದರೆ ಜೋರಾಗಿ ಮಾತಾಡಿದರೆ ಆಯ್ತಲ್ಲ?

ಆಗಲ್ಲ. ಕೂಗಿದಾಗ ಜೋರಾಗುವುದು ಸ್ವರಗಳೇ, ಅವು ಮೊದಲೇ ಕೇಳಿಸುತ್ತಿದ್ದವು. ಬೇಕಾಗಿದ್ದ ಸ, ತ, ಕ ಅಲ್ಲೇ ಮುಳುಗುತ್ತವೆ. ಜೊತೆಗೆ ಇನ್ನೊಂದು ತೊಂದರೆ. ಒಳಕಿವಿ ಸೋತಾಗ ಸಣ್ಣ ಶಬ್ದ ಕೇಳಿಸಲ್ಲ, ಆದರೆ ದೊಡ್ಡ ಶಬ್ದ ಎಲ್ಲರಿಗೂ ಹಿಂಸೆ ಆಗುವ ಮಟ್ಟದಲ್ಲೇ ಹಿಂಸೆಯಾಗುತ್ತದೆ. ನಡುವಿನ ಜಾಗ ಕಿರಿದಾಗುತ್ತದೆ. ಅದಕ್ಕೇ "ಏನು? ಕೇಳಿಸ್ಲಿಲ್ಲ" ಅಂದ ಅಜ್ಜಿಯೇ ಮರುಗಳಿಗೆ "ಯಾಕೆ ಹಾಗೆ ಕಿರುಚ್ತೀಯ?" ಅನ್ನುವುದು. ಅದು ಹಟವಲ್ಲ, ಕಿವಿಯ ಸ್ಥಿತಿಯೇ ಹಾಗೆ.

ಕೂಗುವ ಬದಲು ಮಾಡಬೇಕಾದ್ದು ಬೇರೆ. ಮೊದಲು ಹೆಸರು ಹಿಡಿದು ಕರೆಯಿರಿ, ಅವರು ತಿರುಗಿದ ಮೇಲೆ ಮಾತು ಶುರು ಮಾಡಿ. ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲಿ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗಿ ತುಟಿಯೇ ಕಾಣಿಸಲ್ಲ. ಅಡುಗೆಮನೆಯಿಂದ ಹಾಲ್‌ಗೆ ಕೂಗಬೇಡಿ. ಟಿವಿ ಮ್ಯೂಟ್ ಮಾಡಿ. ಎರಡು ಸಲ ಹೇಳಿದರೂ ತಿಳಿಯದಿದ್ದರೆ ಅದೇ ಪದವನ್ನು ಮೂರನೇ ಸಲ ಹೇಳಬೇಡಿ, ಮಾತು ಬದಲಿಸಿ. "ಕಾಸು" ಹತ್ತದಿದ್ದರೆ "ದುಡ್ಡು" ಅನ್ನಿ.

ಒಂದು ಮಾತನ್ನಂತೂ ದಯವಿಟ್ಟು ಬಿಡಿ: "ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ." ಕಿವಿ ಕೇಳದವರಿಗೆ ದಿನದಲ್ಲಿ ಅತಿ ಹೆಚ್ಚು ಬೇಜಾರು ಮಾಡುವ ವಾಕ್ಯ ಇದೇ. ಆ ಆಮೇಲೆ ಅನ್ನೋದು ಬರೋದೇ ಇಲ್ಲ.

ಕಿವಿಯೊಳಗೆ ನಿಜವಾಗಿ ಹಾಳಾಗೋದು ಏನು?

ತೊಂದರೆ ಎರಡು ಬಗೆ. ಒಂದು, ಶಬ್ದ ಒಳಕ್ಕೆ ಹೋಗುವ ದಾರಿಯಲ್ಲೇ ಅಡ್ಡಿ. ಗುಗ್ಗೆ ಗಟ್ಟಿಯಾಗಿರಬಹುದು, ಕಿವಿಯ ತಮಟೆಯಲ್ಲಿ ತೂತಾಗಿರಬಹುದು, ನಡುಕಿವಿಯಲ್ಲಿ ನೀರು ತುಂಬಿರಬಹುದು, ಅಲ್ಲಿನ ಪುಟ್ಟ ಮೂಳೆ ಬಿಗಿದುಕೊಂಡಿರಬಹುದು. ಇವುಗಳಲ್ಲಿ ಬಹಳಷ್ಟನ್ನು ಔಷಧಿಯಿಂದಲೋ ಆಪರೇಷನ್‌ನಿಂದಲೋ ಸರಿ ಮಾಡಬಹುದು.

ಇನ್ನೊಂದು ಒಳಕಿವಿಯ ಸವೆತ. ಅಲ್ಲಿ ಶಂಖದ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗೆ ಒಂದೊಂದು ಕಿವಿಗೂ ಸುಮಾರು ಹದಿನೈದು ಸಾವಿರ ರೋಮಕೋಶಗಳು. ಶಬ್ದದ ಅಲೆಯನ್ನು ನರಕ್ಕೆ ತಿಳಿಯುವ ಸಂಕೇತ ಮಾಡುವುದು ಇವೇ. ಹುಟ್ಟುವಾಗ ಎಷ್ಟಿವೆಯೋ ಅಷ್ಟೇ. ಸತ್ತದ್ದು ಮತ್ತೆ ಹುಟ್ಟಲ್ಲ. ಕೀಚಲು ಶಬ್ದ ಹಿಡಿಯುವ ಕೋಶಗಳು ಬಾಗಿಲ ಬಳಿಯಲ್ಲೇ ಇವೆ, ಮೊದಲು ಸಾಯುವುದೂ ಅವೇ. ಇದನ್ನು ವಾಪಸ್ ತರುವ ಮಾತ್ರೆ, ಕಷಾಯ, ತೈಲ ಯಾವುದೂ ಇಲ್ಲ. "ನರಕ್ಕೆ ಶಕ್ತಿ ಬರುತ್ತೆ" ಅಂತ ಮಾರುವವರಿಗೆ ದುಡ್ಡು ಕೊಡಬೇಡಿ.

ಪರೀಕ್ಷೆ ಎಲ್ಲಿ ಮಾಡಿಸೋದು?

ಮೊದಲು ಇಎನ್‌ಟಿ ಡಾಕ್ಟರ್, ಆಮೇಲೆ ಆಡಿಯಾಲಜಿಸ್ಟ್. ಡಾಕ್ಟರ್ ಕಿವಿಯೊಳಗೆ ನೋಡಿ ರೋಗ ಇದೆಯಾ ಅಂತ ಹೇಳುತ್ತಾರೆ. ಎಷ್ಟು ಕೇಳಿಸುತ್ತೆ ಅಂತ ಅಳೆಯುವವರು, ಹಿಯರಿಂಗ್ ಏಡ್ ಹೊಂದಿಸುವವರು ಆಡಿಯಾಲಜಿಸ್ಟ್. ಈ ಎರಡನೆಯವರನ್ನು ಬಿಟ್ಟು ಸೀದಾ ಅಂಗಡಿಗೆ ಹೋಗುವವರೇ ಜಾಸ್ತಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ದೇಶದ ಬೇರೆ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಪಕ್ಕದಲ್ಲೇ ಇದ್ದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಇಎನ್‌ಟಿ ವಿಭಾಗದಲ್ಲೂ ವಿಚಾರಿಸಿ, ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ.

ಪರೀಕ್ಷೆಯಲ್ಲಿ ನೋವಿಲ್ಲ. ಸದ್ದು ಬರದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಬೀಪ್ ಎಷ್ಟೇ ಸಣ್ಣದಾಗಿ ಕೇಳಿದರೂ ಕೈ ಎತ್ತಬೇಕು, ಇಲ್ಲವೇ ಬಟನ್ ಒತ್ತಬೇಕು. ಕೇಳಿಸದ್ದನ್ನು ಊಹಿಸಿ ಒತ್ತಬೇಡಿ. ಇದು ಪಾಸ್ ಆಗಬೇಕಾದ ಪರೀಕ್ಷೆಯಲ್ಲ.

ಪರೀಕ್ಷೆ ಮಾಡಿ ಆಡಿಯೋಗ್ರಾಮ್ ಅನ್ನುವ ನಕ್ಷೆ ಕೊಟ್ಟಿದ್ದಾರೆ. ಅದರಲ್ಲಿ ಏನು ನೋಡೋದು?

ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಿಸು ಚಿಹ್ನೆ ಎಡಗಿವಿ. ಎಡದಿಂದ ಬಲಕ್ಕೆ ಹೋದಂತೆ ಶಬ್ದ ಕೀಚಲಾಗುತ್ತದೆ. ಮೇಲಿಂದ ಕೆಳಕ್ಕೆ ಬಂದಂತೆ ಜೋರು. ಗುರುತು ಕೆಳಗಿದ್ದಷ್ಟೂ ಕಿವಿ ಮಂದ ಅಂತ. ನಮ್ಮ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ 25 ಡೆಸಿಬಲ್ ಒಳಗಿದ್ದರೆ ಸರಿ ಅನ್ನುತ್ತಾರೆ. 26ರಿಂದ 40 ಅಲ್ಪ, 41ರಿಂದ 55 ಮಧ್ಯಮ. ಅಲ್ಲಿಂದ ಮುಂದೆ ಜಾಸ್ತಿಯಾಗುತ್ತಾ ಹೋಗಿ 90 ದಾಟಿದರೆ ಅತಿ ತೀವ್ರ.

ಎಡಗಡೆ ಮೇಲಿದ್ದು 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದು, 8000ಕ್ಕೆ ಸ್ವಲ್ಪ ಏರಿದ್ದರೆ ಅದು ಗದ್ದಲದಿಂದ ಆದ ಏಟಿನ ಗುರುತು. ವಯಸ್ಸಿನದ್ದಾದರೆ ಬಲಗಡೆಗೆ ಜಾರುತ್ತಲೇ ಹೋಗುತ್ತದೆ. ಆ ಕಾಗದ ಎಸೆಯಬೇಡಿ. ಎರಡು ವರ್ಷದ ನಂತರ ಹೋಲಿಸಲು ಅದೇ ಬೇಕು. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಅಂಗವೈಕಲ್ಯದ ಪ್ರಮಾಣಪತ್ರ ಸಿಗುತ್ತಾ? ಸರ್ಕಾರದಿಂದ ಏನು ಸಿಗುತ್ತೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ, ಮಾತಿನ ಶಬ್ದಗಳ ಮಟ್ಟದಲ್ಲಿ ಎರಡೂ ಕಿವಿಗೆ 70 ಡೆಸಿಬಲ್ ನಷ್ಟ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಡೆಸಿಬಲ್ ಬೇರೆ, ಶೇಕಡಾ ಬೇರೆ. ಡೆಸಿಬಲ್‌ನಿಂದ ಲೆಕ್ಕ ಹಾಕಿ ಶೇಕಡಾವಾರು ಬರೆಯುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡ್ ಕೊಡುತ್ತಾರೆ. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಈ ಲೆಕ್ಕಕ್ಕೆ ಬರುವುದು ಕಷ್ಟ. ಇದು ಅನ್ಯಾಯ ಅಂತ ನನಗನ್ನಿಸುತ್ತೆ. ರಸ್ತೆ ದಾಟುವಾಗ ಹಾರ್ನ್ ಯಾವ ಕಡೆಯಿಂದ ಬಂತು ಅಂತ ಅವರಿಗೆ ತಿಳಿಯಲ್ಲ.

ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ಹಿಯರಿಂಗ್ ಏಡ್ ಉಚಿತವಾಗಿ ಅಥವಾ ಅರ್ಧ ಬೆಲೆಗೆ ಸಿಗುತ್ತದೆ. 60 ದಾಟಿದ ಬಡ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ತಾಲ್ಲೂಕಿನಲ್ಲಿ ಶಿಬಿರ ನಡೆಯುವಾಗ ವಿಚಾರಿಸಿ.

ಹಿಯರಿಂಗ್ ಏಡ್ ಹಾಕಿದರೆ ಕಿವಿ ಅದಕ್ಕೇ ಒಗ್ಗಿ ಇನ್ನೂ ಹಾಳಾಗಲ್ವಾ?

ಸರಿಯಾಗಿ ಹೊಂದಿಸಿದ ಹಿಯರಿಂಗ್ ಏಡ್‌ನಿಂದ ಕಿವಿ ಹಾಳಾಗಲ್ಲ. ಉಲ್ಟಾ, ವರ್ಷಗಟ್ಟಲೆ ಹಾಕದೆ ಬಿಟ್ಟರೆ ಮಿದುಳಿಗೆ ಆ ಶಬ್ದಗಳ ಅಭ್ಯಾಸ ತಪ್ಪುತ್ತದೆ. ಆಮೇಲೆ ಹಾಕಿಕೊಂಡಾಗ ಎಲ್ಲ ಗಲಾಟೆ ಅನ್ನಿಸುತ್ತದೆ.

ನಲವತ್ತು ಸಾವಿರ ಕೊಟ್ಟು ತಂದದ್ದು ಬೀರುವಿನಲ್ಲಿದೆ. ಯಾಕೆ ಹೀಗಾಗುತ್ತೆ?

ಇದು ಮನೆಮನೆಯ ಕತೆ. ತಪ್ಪು ಹಿರಿಯರದ್ದೂ ಅಲ್ಲ, ಯಂತ್ರದ್ದೂ ಅಲ್ಲ. ಮೊದಲ ದಿನ ಏನು ಕೇಳುತ್ತೆ ಅಂತ ಯಾರೂ ಹೇಳಿರುವುದಿಲ್ಲ. ಕನ್ನಡಕ ಹಾಕಿದ ತಕ್ಷಣ ಅಕ್ಷರ ಕಾಣುತ್ತೆ, ಇದೂ ಹಾಗೇ ಅಂದುಕೊಂಡಿರುತ್ತಾರೆ. ಹಾಕಿಕೊಂಡು ಮನೆಗೆ ಬಂದರೆ ನಲ್ಲಿ ನೀರು ಜಲಪಾತದಂತೆ, ಪ್ಲಾಸ್ಟಿಕ್ ಕವರ್ ಮುದುಡಿದರೆ ಪಟಪಟ, ತನ್ನದೇ ದನಿ ಡಬ್ಬದೊಳಗಿಂದ ಬಂದ ಹಾಗೆ. ಪೇಪರ್ ಪುಟ ತಿರುಗಿಸಿದರೆ ಬೆಚ್ಚಿಬೀಳಬೇಕು. ಮಿದುಳು ಯಾವುದನ್ನು ಬಿಡಬೇಕು ಅನ್ನುವುದನ್ನೇ ಮರೆತಿರುತ್ತದೆ. ಅದು ಮತ್ತೆ ಕಲಿಯಲು ಕೆಲವು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಆದ್ದರಿಂದ ಮೊದಲ ವಾರ ಮನೆಯೊಳಗೆ, ಒಬ್ಬರ ಜೊತೆ ಮಾತಾಡುವಾಗ ಒಂದೆರಡು ಗಂಟೆ ಸಾಕು. ಆಮೇಲೆ ಟಿವಿ ವಾರ್ತೆ, ಆಮೇಲೆ ನಾಲ್ಕು ಜನರ ಹರಟೆ. ಸಂತೆ, ಬಸ್ ಸ್ಟ್ಯಾಂಡ್ ಕೊನೆಗೆ. ಇಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ. ಮೊದಲ ದಿನವೇ ನೆಂಟರೆದುರು ಹಾಕಿಸಿ "ಈಗ ಕೇಳಿಸ್ತಾ? ಈಗ?" ಅಂತ ಹತ್ತು ಜನ ಪರೀಕ್ಷೆ ಮಾಡುತ್ತಾರೆ.

ಇನ್ನೊಂದು, ಟ್ಯೂನಿಂಗ್. ಒಮ್ಮೆ ಹೊಂದಿಸಿದರೆ ಮುಗಿಯಲ್ಲ. ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಹೋಗುವಾಗ "ಸರಿಯಿಲ್ಲ" ಅನ್ನಬೇಡಿ. "ಪಾತ್ರೆ ಸದ್ದು ಚುಚ್ಚುತ್ತೆ, ಮಗಳ ಫೋನ್ ಮಾತು ತಿಳಿಯಲ್ಲ" ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಡಿಯಾಲಜಿಸ್ಟ್‌ಗೆ ಬೇಕಾದ ಮಾಹಿತಿ ಅದು.

ಕೊಳ್ಳುವ ಮೊದಲು ಕೇಳಬೇಕಾದ್ದು: ಮನೆಗೆ ಒಯ್ದು ನೋಡಲು ಎಷ್ಟು ದಿನ ಕೊಡುತ್ತೀರಿ, ವಾರಂಟಿ ಎಷ್ಟು, ಮರುಟ್ಯೂನಿಂಗ್‌ಗೆ ದುಡ್ಡು ಬೇರೆಯಾ, ರಿಪೇರಿಗೆ ಕೊಟ್ಟರೆ ಬದಲಿ ಯಂತ್ರ ಕೊಡುತ್ತೀರಾ. ಯಂತ್ರದಲ್ಲಿ ಚಾನೆಲ್ (ಶಬ್ದವನ್ನು ಬಿಡಿಸಿ ಹೊಂದಿಸುವ ಭಾಗ) ಎಷ್ಟು ಅನ್ನುವುದಕ್ಕಿಂತ ಇವು ಮುಖ್ಯ. ದುಬಾರಿಯದ್ದೇ ಒಳ್ಳೆಯದು ಅನ್ನುವ ನಿಯಮವೇನೂ ಇಲ್ಲ. ದಿನವೆಲ್ಲ ಮನೆಯಲ್ಲಿರುವ ಅಜ್ಜನಿಗೂ, ಮೀಟಿಂಗ್‌ಗಳಲ್ಲಿ ಕೂರುವ ಮಗನಿಗೂ ಬೇಕಾಗುವುದು ಒಂದೇ ಯಂತ್ರವಲ್ಲ.

ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ ಸಿಗುತ್ತಲ್ಲ?

ಅವು ಹೆಚ್ಚಾಗಿ ಬರೀ ಆಂಪ್ಲಿಫೈಯರ್. ಎಲ್ಲ ಶಬ್ದವನ್ನೂ ಒಂದೇ ಸಮ ಜೋರು ಮಾಡುತ್ತವೆ, ನಿಮ್ಮ ಆಡಿಯೋಗ್ರಾಮ್ ಅವಕ್ಕೆ ಗೊತ್ತಿಲ್ಲ. ಬೇಡ.

ಒಂದೇ ಕಿವಿಗೆ ಹಾಕಿದರೆ ಸಾಲದಾ?

ಎರಡೂ ಮಂದವಾಗಿದ್ದರೆ ಎರಡಕ್ಕೂ ಹಾಕುವುದು ಒಳ್ಳೆಯದು. ಗದ್ದಲದಲ್ಲಿ ಮಾತು ಹೆಕ್ಕಲು, ಶಬ್ದದ ದಿಕ್ಕು ತಿಳಿಯಲು ಎರಡು ಕಿವಿ ಬೇಕು. ದುಡ್ಡಿಗೆ ಕಷ್ಟವಾದರೆ ಒಂದರಿಂದ ಶುರು ಮಾಡಿ, ಯಾವ ಕಿವಿಗೆ ಅಂತ ಆಡಿಯಾಲಜಿಸ್ಟ್ ಹೇಳಲಿ.

ನಿತ್ಯದ ಜೋಪಾನ ಹೇಗೆ?

ಸೆಲ್ ಹಾಕುವ ಯಂತ್ರವಾದರೆ ಸೆಲ್ಲಿನ ಸ್ಟಿಕರ್ ಬಣ್ಣ ನೆನಪಿಡಿ. ಹಳದಿ 10, ಕಂದು 312, ಕಿತ್ತಳೆ 13, ನೀಲಿ 675. ಇವು ಗಾಳಿ ತಾಗಿದರೆ ಕೆಲಸ ಶುರು ಮಾಡುವ ಜಿಂಕ್ ಸೆಲ್‌ಗಳು. ಸ್ಟಿಕರ್ ಕಿತ್ತು ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ. ಮಲಗುವಾಗ ಯಂತ್ರದ ಸೆಲ್ ಬಾಗಿಲು ತೆರೆದಿಡಿ. ಖಾಲಿ ಸೆಲ್ ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಗಂಟಲು ಸುಡುತ್ತದೆ, ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

ತಲೆಗೆ ಎಣ್ಣೆ ಹಚ್ಚುವ ಮೊದಲು ತೆಗೆದಿಡಿ. ಕೊಬ್ಬರಿ ಎಣ್ಣೆ ಮೈಕಿನ ತೂತಿಗೆ ಇಳಿದರೆ ದನಿ ಮುಚ್ಚಿಹೋಗುತ್ತದೆ. ಪೌಡರ್ ಕೂಡ ಅಷ್ಟೇ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಮೂರು ನಾಲ್ಕು ತಿಂಗಳು ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ತೇವ ಹಿಡಿದು ಕೊರಕೊರ ಅನ್ನುತ್ತದೆ. ಕಿವಿ ಹಿಂದೆ ಕೂರುವ ಯಂತ್ರದವರು ಹೆಲ್ಮೆಟ್ ತೆಗೆಯುವಾಗ ಹುಷಾರು. ಸರ್ರನೆ ಎಳೆದರೆ ಯಂತ್ರವೂ ಜೊತೆಗೆ ಹಾರಿ ರಸ್ತೆಗೆ ಬೀಳುತ್ತದೆ. ಗಾಡಿ ನಿಲ್ಲಿಸಿ, ಪಟ್ಟಿ ಬಿಚ್ಚಿ, ಹೆಲ್ಮೆಟ್‌ನ ಎರಡೂ ಬದಿ ಅಗಲಿಸಿ ಮೇಲಕ್ಕೆತ್ತಿ.

ಯಂತ್ರ ಕುಯ್ಯ್ ಅಂತ ಕೂಗಿದರೆ ಕಿವಿಯೊಳಗೆ ಕೂರುವ ಅಚ್ಚು (ಮೋಲ್ಡ್) ಸಡಿಲವಾಗಿದೆ ಅಂತಲೋ, ಕಿವಿಯಲ್ಲಿ ಗುಗ್ಗೆ ತುಂಬಿದೆ ಅಂತಲೋ ಅರ್ಥ. ಯಂತ್ರ ಕೆಟ್ಟಿದೆ ಅಂತ ಮೊದಲೇ ತೀರ್ಮಾನಿಸಬೇಡಿ.

ಕಿವಿಗೆ ಬಿಸಿ ಎಣ್ಣೆ ಬಿಡಬಹುದಾ? ಗುಗ್ಗೆ ಹೇಗೆ ತೆಗೆಯೋದು?

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ನಮ್ಮ ಎಲ್ಲ ಅಜ್ಜಿಯರ ಔಷಧಿ. ಆದರೆ ತಮಟೆಯಲ್ಲಿ ತೂತಿದೆಯೋ ಇಲ್ಲವೋ ಹೊರಗಿಂದ ಗೊತ್ತಾಗಲ್ಲ. ತೂತಿದ್ದರೆ ಎಣ್ಣೆ ಸೀದಾ ನಡುಕಿವಿಗೆ ಇಳಿದು ಸೋಂಕಾಗುತ್ತದೆ. ಬಿಸಿ ಜಾಸ್ತಿಯಾದರೆ ಸುಡುತ್ತದೆ. ಎಳೆಮಗುವಿಗೆ ಎಣ್ಣೆಸ್ನಾನ ಮಾಡಿಸುವಾಗ ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿ. ಕೂದಲಿಗೆ, ಮೈಗೆ ಹಚ್ಚಲು ಅಡ್ಡಿಯಿಲ್ಲ.

ಗುಗ್ಗೆ ಕೊಳೆಯಲ್ಲ. ಧೂಳು, ಹುಳ ಒಳಗೆ ಹೋಗದಂತೆ ತಡೆಯುತ್ತದೆ, ತಾನಾಗೇ ಹೊರಗೆ ಬರುತ್ತದೆ. ಬಡ್ಸ್, ಪಿನ್ನು, ಬೆಂಕಿಕಡ್ಡಿ, ಸ್ಕೂಟರ್ ಕೀ ಇವೆಲ್ಲ ಅದನ್ನು ಇನ್ನೂ ಒಳಕ್ಕೆ ತಳ್ಳುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ಕಡ್ಡಿ ಹಿಡಿದು ಕಿವಿ ಸ್ವಚ್ಛ ಮಾಡುತ್ತೇವೆ ಅನ್ನುವವರ ಕೈಗೆ ಕಿವಿ ಕೊಡಬೇಡಿ. ಮುಚ್ಚಿಹೋದ ಹಾಗಿದ್ದರೆ ಡಾಕ್ಟರ್ ಮೆತ್ತಗಾಗುವ ಡ್ರಾಪ್ಸ್ ಕೊಟ್ಟು, ಆಮೇಲೆ ತೆಗೆಯುತ್ತಾರೆ.

ಕಿವಿ ಸೋರುವುದನ್ನು ಹಳ್ಳಿಗಳಲ್ಲಿ ಇನ್ನೂ ಹಗುರವಾಗಿ ನೋಡುತ್ತಾರೆ. "ದೊಡ್ಡವನಾದ ಮೇಲೆ ಸರಿಹೋಗುತ್ತೆ" ಅನ್ನುತ್ತಾರೆ. ವರ್ಷಗಟ್ಟಲೆ ಸೋರಿದ ಕಿವಿಯಲ್ಲಿ ಪುಟ್ಟ ಮೂಳೆಗಳೇ ಸವೆದುಹೋಗಬಹುದು. ಸೋರುವ ಮಗುವನ್ನು ಕೆರೆ, ಬಾವಿಯಲ್ಲಿ ಈಜಲು ಬಿಡಬೇಡಿ, ಚಿಕಿತ್ಸೆ ಕೊಡಿಸಿ.

ಎಷ್ಟು ಶಬ್ದ ಅಪಾಯ? ಅಳೆಯಲು ಯಂತ್ರ ಬೇಕಾ?

ಬೇಡ. ಒಂದು ಮಾರು ದೂರದಲ್ಲಿರುವವರ ಜೊತೆ ಕೂಗಿ ಮಾತಾಡಬೇಕಾಗಿದೆ ಅಂದರೆ ಅಲ್ಲಿ 85 ಡೆಸಿಬಲ್ ದಾಟಿದೆ ಅಂದುಕೊಳ್ಳಿ. ಸಾಮಾನ್ಯ ಮಾತು ಸುಮಾರು 60.

ಡೆಸಿಬಲ್ ಲೆಕ್ಕ ನಮ್ಮ ಕೂಡು ಕಳೆ ಲೆಕ್ಕದಂತಲ್ಲ. 3 ಏರಿದರೆ ಶಬ್ದದ ಶಕ್ತಿ ಇಮ್ಮಡಿ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆ ಇದೇ ಲೆಕ್ಕದ್ದು. 85 ಡೆಸಿಬಲ್ ದಿನಕ್ಕೆ ಎಂಟು ಗಂಟೆ, 88 ನಾಲ್ಕು ಗಂಟೆ, 94 ಒಂದು ಗಂಟೆ, 100 ಆದರೆ ಹದಿನೈದೇ ನಿಮಿಷ. ಗಣೇಶನ ಮೆರವಣಿಗೆಯ ಡಿಜೆ ಪೆಟ್ಟಿಗೆಯ ಮುಂದೆ ಇದಕ್ಕಿಂತ ಜಾಸ್ತಿಯೇ ಇರುತ್ತದೆ, ಹುಡುಗರು ಅಲ್ಲಿ ಮೂರು ತಾಸು ಕುಣಿಯುತ್ತಾರೆ. ಮರುದಿನ ಕಿವಿ ಗುಂಯ್ ಅನ್ನುತ್ತೆ, ಹತ್ತಿ ತುರುಕಿದ ಹಾಗಿರುತ್ತೆ, ಎರಡು ದಿನಕ್ಕೆ ಸರಿಯಾಗುತ್ತೆ. ಸರಿಯಾಯಿತು ಅಂದುಕೊಳ್ಳುವುದೇ ಮೋಸ. ಪರೀಕ್ಷೆಯಲ್ಲಿ ಕಾಣದ ಹಾನಿ ಒಳಗೆ ಉಳಿದಿರಬಹುದು, ಮುಂದೆ ಎಂದೋ ಗದ್ದಲದಲ್ಲಿ ಮಾತು ತಿಳಿಯದಾಗ ಅದು ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಸರಾಸರಿ 100 ಡೆಸಿಬಲ್ ಮೀರಬಾರದು ಅಂತ ಮಿತಿ ಹೇಳಿತು. ನಮ್ಮ ಮೆರವಣಿಗೆಗೆ ಅದನ್ನು ಯಾರು ಹೇಳಬೇಕೋ.

ಪಟಾಕಿಯದ್ದು ಬೇರೆ ರೀತಿ. ಅಲ್ಲಿ ಹೊತ್ತಿನ ಲೆಕ್ಕವಿಲ್ಲ, ಒಂದೇ ಏಟು. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಗೆ ನಮ್ಮಲ್ಲಿ ನಿಷೇಧವಿದೆ. ಆದರೆ ಮಕ್ಕಳು ನಿಲ್ಲುವುದು 4 ಮೀಟರ್ ದೂರದಲ್ಲಾ?

ಕೆಲಸವೇ ಗದ್ದಲದ್ದು. ಬಿಡೋಕಾಗುತ್ತಾ?

ಆಗಲ್ಲ, ಅದು ಗೊತ್ತು. ದೊಡ್ಡಬಳ್ಳಾಪುರ, ರಬಕವಿ ಬನಹಟ್ಟಿಯ ಪವರ್‌ಲೂಮ್ ಶೆಡ್‌ಗಳಲ್ಲಿ ಮಗ್ಗದವರು ಸನ್ನೆಯಲ್ಲೇ ಮಾತಾಡುವುದನ್ನು ನೋಡಿದರೆ ಸಾಕು, ಮೀಟರ್ ಬೇಕಿಲ್ಲ. ಅಡಿಕೆ ತೋಟದಲ್ಲಿ, ಕಾಫಿ ತೋಟದಲ್ಲಿ ಕಳೆ ಹೊಡೆಯುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡವರ ಕಿವಿಗೆ ಇಂಜಿನ್ ಒಂದೆರಡು ಅಡಿ ದೂರದಲ್ಲಿರುತ್ತದೆ. ಕಲ್ಲು ಕೊಯ್ಯುವವರು, ಅಕ್ಕಿ ಗಿರಣಿಯವರು, ವೆಲ್ಡಿಂಗ್ ಶಾಪಿನವರು, ಎಲ್ಲರದ್ದೂ ಇದೇ ಪಾಡು. ಯಕ್ಷಗಾನದ ಚೆಂಡೆಯವರನ್ನೂ ಸೇರಿಸಬೇಕು. ರಾತ್ರಿಯಿಡೀ ಅದರ ಪಕ್ಕದಲ್ಲೇ ಕೂರುವ ಭಾಗವತರನ್ನೂ.

ನಮ್ಮ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಗೆ 90 ಡೆಸಿಬಲ್ ಮಿತಿ. ಅದು ಮೀರಿದರೆ ಕಿವಿ ರಕ್ಷಣೆ ಕೊಡುವುದು ಮಾಲೀಕರ ಜವಾಬ್ದಾರಿ. ಕೊಡದಿದ್ದರೆ ನೀವೇ ಕೊಳ್ಳಿ. ಫೋಮ್ ಇಯರ್‌ಪ್ಲಗ್ ದುಬಾರಿಯಲ್ಲ.

ಹತ್ತಿ ಇಟ್ಟುಕೊಂಡರೆ ಸಾಲದಾ?

ಸಾಲದು. ಹತ್ತಿ ಕೆಲವೇ ಡೆಸಿಬಲ್ ತಡೆಯುತ್ತದೆ. ಫೋಮ್ ಪ್ಲಗ್ ಹಾಕುವುದನ್ನು ಕಲಿಯಿರಿ. ಕೈ ತೊಳೆದು, ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಊದಿನಕಡ್ಡಿಯಷ್ಟು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ದಾರಿ ನೇರವಾಗುತ್ತದೆ. ಪ್ಲಗ್ ತಳ್ಳಿ, ಅದು ಒಳಗೆ ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿಹಿಡಿಯಿರಿ. ಎದುರಿನಿಂದ ನೋಡಿದರೆ ಪ್ಲಗ್ ಚಾಚಿಕೊಂಡು ಕಾಣುತ್ತಿದ್ದರೆ ಅದು ಕೂತಿಲ್ಲ. ಪ್ಯಾಕೆಟ್ ಮೇಲೆ ಬರೆದ ಡೆಸಿಬಲ್ ಸುಮ್ನೆ ನಂಬಬೇಡಿ, ಶೆಡ್‌ನಲ್ಲಿ ಸಿಗುವುದು ಸುಮಾರು ಅದರ ಅರ್ಧ. ಎಂಟು ಗಂಟೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟರೂ ಲಾಭ ಬಹಳ ಕಡಿಮೆಯಾಗುತ್ತದೆ.

ಇಯರ್‌ಫೋನ್?

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಮಕ್ಕಳಿಗೆ 75. ಮನೆಯಲ್ಲಿ ಯಾರೂ ಜೋರಾಗಿ ಇಡಲ್ಲ. ವಾಲ್ಯೂಮ್ ಏರುವುದು ಬಸ್ಸಿನಲ್ಲಿ, ಮೆಟ್ರೋದಲ್ಲಿ, ಇಂಜಿನ್ ಸದ್ದಿನ ಮೇಲೆ ಹಾಡು ಕೇಳಿಸಲಿ ಅಂತ. ಹೊರಗಿನ ಸದ್ದು ತಡೆಯುವ ಇಯರ್‌ಫೋನ್ ಕೊಂಡರೆ ಆ ಏರಿಸುವ ಅಗತ್ಯವೇ ಬೀಳಲ್ಲ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಬೇಡ.

ಕಿವಿಯಲ್ಲಿ ಯಾವಾಗಲೂ ಗುಂಯ್ ಅನ್ನುತ್ತೆ. ಹುಚ್ಚು ಹಿಡಿದ ಹಾಗಾಗುತ್ತೆ.

ಇದಕ್ಕೆ ಟಿನ್ನಿಟಸ್ ಅನ್ನುತ್ತಾರೆ. ಬಹಳ ಜನರಿಗೆ ಇದೆ, ಹೆಚ್ಚಾಗಿ ಕಿವಿ ಮಂದದ ಜೊತೆಯಲ್ಲೇ ಬರುತ್ತದೆ. ಪೂರ್ತಿ ನಿಲ್ಲಿಸುವ ಮಾತ್ರೆ ಇಲ್ಲ. ಆದರೆ ಕಾಟ ಕಡಿಮೆ ಮಾಡಬಹುದು. ರಾತ್ರಿ ನಿಶ್ಶಬ್ದದಲ್ಲಿ ಅದು ಎದ್ದು ಕೇಳುತ್ತೆ, ಸಣ್ಣಗೆ ಫ್ಯಾನ್ ಅಥವಾ ಮಳೆ ಸದ್ದು ಹಾಕಿಕೊಳ್ಳಿ. ಕಿವಿ ಮಂದ ಇದ್ದರೆ ಹಿಯರಿಂಗ್ ಏಡ್‌ನಿಂದಲೇ ಎಷ್ಟೋ ಜನಕ್ಕೆ ಹಗುರಾಗುತ್ತದೆ. ಒಂದೇ ಕಿವಿಯಲ್ಲಿ ಬಂದರೆ, ನಾಡಿಯ ತಾಳಕ್ಕೆ ಬಡಿದುಕೊಂಡರೆ, ತಲೆಸುತ್ತು ಜೊತೆಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಬೆಳಿಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಕೇಳಿಸ್ತಿಲ್ಲ. ಶೀತ ಇರಬಹುದಾ?

ಇರಬಹುದು, ಆದರೆ ಕಾಯಬೇಡಿ. ಒಳಕಿವಿ ಇದ್ದಕ್ಕಿದ್ದಂತೆ ಸೋಲುವುದುಂಟು, ಅದು ತುರ್ತು ಸಂದರ್ಭ. ಮೊದಲ ದಿನಗಳಲ್ಲೇ ಸ್ಟೀರಾಯ್ಡ್ ಕೊಟ್ಟರೆ ಶ್ರವಣ ವಾಪಸ್ ಬರುವ ಸಾಧ್ಯತೆ ಹೆಚ್ಚು, ಎರಡು ವಾರ ಕಳೆದರೆ ತೀರಾ ಕಮ್ಮಿ. "ನೀರು ಹೋಗಿರಬೇಕು" ಅಂತ ಡ್ರಾಪ್ಸ್ ಹಾಕುತ್ತಾ ಕೂತು ಕಿವಿ ಕಳೆದುಕೊಂಡವರಿದ್ದಾರೆ. ಅಂದೇ ಇಎನ್‌ಟಿಗೆ ಹೋಗಿ, ಆಡಿಯೋಗ್ರಾಮ್ ಕೇಳಿ ಮಾಡಿಸಿ.

ಔಷಧಿಯಿಂದಲೂ ಕಿವಿ ಹೋಗುತ್ತಾ?

ಕೆಲವದರಿಂದ. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್‌ಗಳು, ಕ್ಯಾನ್ಸರಿನ ಸಿಸ್‌ಪ್ಲಾಟಿನ್. ಜೀವ ಉಳಿಸಲು ಇವು ಬೇಕಾಗಬಹುದು, ಹೆದರಿ ನಿಲ್ಲಿಸಬೇಡಿ. ಮೊದಲೇ ಕಿವಿ ಮಂದ ಇದ್ದರೆ ಡಾಕ್ಟರಿಗೆ ಹೇಳಿ, ನಡುನಡುವೆ ಶ್ರವಣ ಪರೀಕ್ಷೆ ಮಾಡಿಸಿ.

ಮಗುವಿಗೆ ಕೇಳಿಸುತ್ತಾ ಅಂತ ಹೇಗೆ ತಿಳಿಯೋದು?

ತಟ್ಟೆ ಬಡಿದು ನೋಡುವುದರಿಂದ ತಿಳಿಯಲ್ಲ. ದಪ್ಪ ಸದ್ದಿಗೆ ತಿರುಗಿದ ಮಗುವಿಗೆ ಮಾತು ಕೇಳಿಸದೇ ಇರಬಹುದು. ಒಎಇ ಅನ್ನುವ ಪರೀಕ್ಷೆ ಮಗು ಮಲಗಿರುವಾಗಲೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ, ಅನುಮಾನ ಬಂದರೆ ಬೇರಾ (BERA) ಅನ್ನುವ ಕಿವಿಯ ನರದ ಪರೀಕ್ಷೆ. ತಜ್ಞರು ಹೇಳುವ ಗಡುವು: ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಹಿಯರಿಂಗ್ ಏಡ್, ತರಬೇತಿ. "ಅವರಪ್ಪನೂ ಮಾತು ಬಂದದ್ದು ನಾಲ್ಕು ವರ್ಷಕ್ಕೆ" ಅಂತ ಕಾಯುತ್ತಾ ಕೂತರೆ ಮಾತು ಕಲಿಯುವ ವಯಸ್ಸೇ ದಾಟಿಹೋಗುತ್ತದೆ.

ಸೋದರಮಾವ, ಅತ್ತೆ ಮಗ ಅಂತ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟು ಕಿವುಡಿನ ಸಾಧ್ಯತೆ ಹೆಚ್ಚು. ಆಗಲೇ ಮದುವೆ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುವುದೇನೂ ಬೇಡ, ಮಗು ಹುಟ್ಟಿದ ಕೂಡಲೇ ಪರೀಕ್ಷೆ ಮಾಡಿಸಿ ಅಷ್ಟೇ. ಬಸುರಿಗೆ ರುಬೆಲ್ಲಾ ತಗುಲಿದರೂ ಮಗುವಿನ ಕಿವಿ ಹೋಗಬಹುದು. ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ 2017ರಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲಸಿಕೆ ತಪ್ಪಿಸಬೇಡಿ.

ಹಿಯರಿಂಗ್ ಏಡ್‌ನಿಂದಲೂ ಆಗದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಚಿಕ್ಕ ಮಕ್ಕಳಿಗೆ ಅಡಿಪ್‌ನಲ್ಲೂ, ರಾಜ್ಯದ ಶ್ರವಣ ಸಂಜೀವಿನಿಯಲ್ಲೂ ನೆರವಿದೆ. ವಯಸ್ಸಿನ ಮಿತಿ ಇರುವುದರಿಂದ ಬೇಗ ಹೋಗಿ. ಆಪರೇಷನ್ ಆದ ದಿನ ಮಗು ಮಾತಾಡಲ್ಲ. ಆಮೇಲೆ ವರ್ಷಗಟ್ಟಲೆ ತರಬೇತಿ ಇದೆ, ಅದರಲ್ಲಿ ಮುಕ್ಕಾಲು ಭಾಗ ಮನೆಯವರದ್ದು. ಮೈಸೂರಿನ ಸಂಸ್ಥೆಯ ಪ್ರಿಸ್ಕೂಲ್‌ನಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ.

ಸನ್ನೆ ಭಾಷೆ ಕಲಿಸಿದರೆ ಮಗು ಮಾತು ಕಲಿಯಲ್ವಾ?

ಆ ಹೆದರಿಕೆ ಬೇಡ. ಮಗುವಿಗೆ ಯಾವುದಾದರೂ ಒಂದು ಭಾಷೆ ಬೇಗ ಸಿಗಬೇಕು, ಅದು ಮುಖ್ಯ. ಭಾರತೀಯ ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣವಿದೆ. 2015ರಲ್ಲಿ ದೆಹಲಿಯಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ಶುರುವಾಯಿತು, ಅವರ ನಿಘಂಟಿನ ವಿಡಿಯೋಗಳನ್ನು ಫೋನಿನಲ್ಲೇ ನೋಡಿ ಕಲಿಯಬಹುದು.

ಕಿವಿ ಮಂದವಾದರೆ ಮರೆವು ಬರುತ್ತೆ ಅಂತಾರೆ, ನಿಜವಾ?

ನಂಟಿದೆ. ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರ ವರದಿಯಲ್ಲಿ ಡಿಮೆನ್ಷಿಯಾಗೆ ಸಂಬಂಧಪಟ್ಟ, ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು, ಕಿವಿ ಮಂದ ಅದರಲ್ಲಿ ಒಂದು. ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ. ಎಷ್ಟೋ ಸಲ "ಅಪ್ಪನಿಗೆ ಮರೆವು ಶುರುವಾಗಿದೆ" ಅನ್ನುವುದು ಮರೆವಲ್ಲ, ಆ ಮಾತು ಅವರಿಗೆ ಕೇಳಿಸಿಯೇ ಇರುವುದಿಲ್ಲ.

ಅಪ್ಪ ಒಪ್ಪಲ್ಲ. "ನಂಗೇನಾಗಿಲ್ಲ, ನೀವೇ ಗೊಣಗ್ತೀರ" ಅಂತಾರೆ.

ವಾದ ಮಾಡಬೇಡಿ. ನಿಧಾನವಾಗಿ ಹೋದದ್ದು ಹೋದವರಿಗೆ ಗೊತ್ತಾಗಲ್ಲ. ಕನ್ನಡಕಕ್ಕಿಲ್ಲದ ನಾಚಿಕೆ ಇದಕ್ಕಿದೆ, ಅದನ್ನೂ ಹೀಗಳೆಯಬೇಡಿ. "ಶುಗರ್ ನೋಡಿಸೋಕೆ ಹೋಗ್ತೀವಲ್ಲ, ಕಿವಿನೂ ನೋಡಿಸ್ಕೊಂಡು ಬರೋಣ, ನಾನೂ ಮಾಡಿಸ್ತೀನಿ" ಅನ್ನಿ. ನೀವೂ ಮಾಡಿಸಿ. ಈಗಾಗಲೇ ಏಡ್ ಹಾಕಿಕೊಂಡಿರುವ ಅವರ ಸ್ನೇಹಿತರ ಒಂದು ಮಾತು ಮಕ್ಕಳ ಹತ್ತು ಮಾತಿಗೆ ಸಮ. ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿಕೊಟ್ಟು ನೋಡಿ. ಆಡಿದ ಕನ್ನಡ ಪರದೆ ಮೇಲೆ ಅಕ್ಷರವಾಗಿ ಬರುತ್ತದೆ. ತಪ್ಪುಗಳು ಬರುತ್ತವೆ, ಒಮ್ಮೊಮ್ಮೆ ನಗು ಬರುವಂಥವು. ಆದರೂ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಆಗುತ್ತೆ.

ರಾತ್ರಿ ಹನ್ನೊಂದಾದರೂ ಮೈಕ್ ನಿಲ್ಲಿಸಲ್ಲ. ಕಾನೂನು ಇಲ್ವಾ?

2000ದ ಶಬ್ದ ಮಾಲಿನ್ಯ ನಿಯಮಗಳಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಅನುಮತಿ ಕೊಡಬಹುದು. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 112ಕ್ಕೆ ಫೋನ್ ಮಾಡಿ. ಊರವರ ಕಣ್ಣಿಗೆ ಕೆಟ್ಟವರಾಗುವ ಭಯ ಇದ್ದದ್ದೇ. ನಾಲ್ಕು ಮನೆಯವರು ಸೇರಿ ದೂರು ಕೊಟ್ಟರೆ ಭಾರ ಹಂಚಿಹೋಗುತ್ತದೆ.

ಏಡ್ ಹಾಕಿಕೊಂಡು ಮದುವೆಗೆ ಹೋದರೆ ತಲೆನೋವು. ಏನು ಮಾಡೋದು?

ಛತ್ರದಲ್ಲಿ ಗೋಡೆ, ನೆಲ, ತಾರಸಿ ಎಲ್ಲ ಗಟ್ಟಿ, ಶಬ್ದ ಪುಟಿಯುತ್ತಲೇ ಇರುತ್ತದೆ. ವಾಲಗದವರಿಂದಲೂ ಸ್ಪೀಕರಿನಿಂದಲೂ ದೂರ ಕೂರಿ. ಬೆನ್ನಿಗೆ ಗೋಡೆ ಇರಲಿ, ಹಿಂದಿನ ಗದ್ದಲ ತಪ್ಪುತ್ತದೆ. ಏಡ್‌ನಲ್ಲಿ ಗದ್ದಲಕ್ಕೆ ಬೇರೆ ಪ್ರೋಗ್ರಾಂ ಇದ್ದರೆ ಮೊದಲೇ ಹಾಕಿಸಿಕೊಳ್ಳಿ. ಪುರೋಹಿತರು "ಗಟ್ಟಿಮೇಳ" ಅನ್ನುವ ಹೊತ್ತಿಗೆ ವಾಲ್ಯೂಮ್ ಇಳಿಸಿ. ಊಟದ ಪಂಕ್ತಿಯಲ್ಲಿ ತುದಿಯ ಎಲೆ ಹಿಡಿಯಿರಿ, ಚೆನ್ನಾಗಿ ಕೇಳುವ ಕಿವಿ ಜೊತೆಯವರ ಕಡೆಗಿರಲಿ. ಬಡಿಸುವವರು ಏನಂತಾರೆ ಅಂತ ಚಿಂತೆ ಬೇಡ, ಸೌಟು ನೋಡಿ ಕೈ ಅಡ್ಡ ಹಿಡಿದರಾಯಿತು.